ಚುರದ ದಾರಿಯೂ ಹಳೆಯ ಕಾರಿನ ಫ್ಯಾನೂ

ಕೋಳಿಕೋಡಿನಿಂದ ಪೂರ್ವಕ್ಕೆ ಹೊರಟು ಅಡಿವಾರ ದಾಟಿದೊಡನೆ ರಸ್ತೆ ಬೆಟ್ಟಕ್ಕೆ ಮುಖ ಮಾಡುತ್ತದೆ. ಅಲ್ಲಿಂದ ಲಕ್ಕಿಡಿಯವರೆಗಿನ ಸುಮಾರು 12 ಕಿಲೋಮೀಟರ್ ದಾರಿಯೇ ತಾಮರಶ್ಶೇರಿ ಚುರಂ. ಒಂಬತ್ತು ಕಡಿದಾದ ತಿರುವುಗಳು. ಮೇಲೆ ತಲುಪಿದಾಗ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುತ್ತೇವೆ. ಹಿಂದೆ 212 ಎಂದಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 766 ಎಂಬ ಸಂಖ್ಯೆ. ವಯನಾಡಿನ ಕಾಫಿ, ಕರಿಮೆಣಸು ಇಳಿಯುವುದೂ ಅಂಗಡಿಗಳ ಸರಕು ಏರುವುದೂ ಇದರಲ್ಲೇ. ಕೋಳಿಕೋಡಿನ ಕಡೆಯಿಂದ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ದರ್ಶನಕ್ಕೆ ಬರುವ ನಮ್ಮವರ ಹಾದಿಯೂ ಇದೇ.

ಮೇಲಿನ ತಿರುವುಗಳಿಂದ ಕೆಳಗೆ ನೋಡಿದರೆ ಹತ್ತಿ ಬಂದ ರಸ್ತೆ ಕಾಡಿನ ನಡುವೆ ಬಿಚ್ಚಿಟ್ಟ ಹಗ್ಗದಂತೆ ಕಾಣುತ್ತದೆ. ಲಕ್ಕಿಡಿಯಲ್ಲಿ ಸರಪಳಿ ಬಿಗಿದ ಮರವೊಂದಿದೆ. ಬ್ರಿಟಿಷರಿಗೆ ಈ ದಾರಿ ತೋರಿಸಿ ಅವರ ಕೈಯಲ್ಲೇ ಸತ್ತ ಕರಿಂತಂಡನ್ ಎಂಬ ಬುಡಕಟ್ಟಿನವನ ಆತ್ಮವನ್ನು ಅದಕ್ಕೆ ಕಟ್ಟಿಹಾಕಲಾಗಿದೆ ಎಂಬುದು ಸ್ಥಳದ ಐತಿಹ್ಯ. ದಾರಿ ತೋರಿದವನಿಗೆ ಸಂದ ಕೂಲಿ ಅದು!

ಈಗ ಈ ದಾರಿಯ ದೊಡ್ಡ ತೊಂದರೆ ಏರಲ್ಲ, ನಿಲ್ಲುವುದು. ರಜೆಯ ದಿನ ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತರೆ ಸಾಕು, ಮೇಲೂ ಕೆಳಗೂ ಗಾಡಿಗಳ ಸಾಲು. ಹಳೆಯ ಕಾರಿನ ಪರೀಕ್ಷೆ ಆಗುವುದು ಆಗಲೇ. ಕಾರು ಓಡುತ್ತಿರುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನ ಮೇಲೆ ಬೀಳುತ್ತದೆ. ಊರೊಳಗೆ ಆರು ತಿಂಗಳು ಏನೂ ತೊಂದರೆ ಕೊಡದ ಕಾರು ಚುರದಲ್ಲಿ ಕುದಿಯುವುದೇಕೆ ಎಂಬುದಕ್ಕೆ ಇದೇ ಉತ್ತರ. ಫ್ಯಾನು ಎಂದೋ ಕೆಟ್ಟಿರುತ್ತದೆ, ತಿಳಿಯುವುದು ಇಲ್ಲಿ.

ಅಂಬಾಸಡರ್, ಪದ್ಮಿನಿಗಳಲ್ಲಿ ಫ್ಯಾನನ್ನು ಇಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಇಂಜಿನ್ ಅಡ್ಡಲಾಗಿ ಕೂತಿದ್ದರಿಂದ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರು ಬಂತು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತರೂ, ಅದನ್ನು ಮಾರಲು ಮನಸ್ಸು ಬಾರದೆ ಶೆಡ್ಡಿನಲ್ಲಿ ಉಳಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ನಮ್ಮ ಚಿಕ್ಕಪ್ಪನವರದೂ ಅಂಥದೇ ಒಂದು ಕಾರ್ಬುರೇಟರಿನ ಮಾರುತಿ. ಕೆಲವು ವರ್ಷಗಳ ಹಿಂದೆ ಅಜ್ಜಿಯನ್ನು ಕೂರಿಸಿಕೊಂಡು ಕೋಳಿಕೋಡಿನಿಂದ ಬರುತ್ತಿದ್ದೆವು. ಸೂರ್ಯಾಸ್ತದೊಳಗೆ ಮನೆ ಮುಟ್ಟಿ ಅಜ್ಜಿಯ ಊಟ ಮುಗಿಸಬೇಕೆಂಬ ಲೆಕ್ಕ. ಆರನೆಯ ತಿರುವಿನ ಬಳಿ ಸಾಲು ನಿಂತಿತು, ಶಾಖದ ಮುಳ್ಳು ಏರತೊಡಗಿತು. ಚಿಕ್ಕಪ್ಪ ಗಾಬರಿಯಾಗಲಿಲ್ಲ. ಎ.ಸಿ. ನಿಲ್ಲಿಸಿ ಹೀಟರನ್ನು ಪೂರ್ತಿ ತಿರುಗಿಸಿದರು.

“ಏನೋ ಇದು, ಈ ಸೆಕೆಗೆ ಬಿಸಿಗಾಳಿ ಬೇರೆ ಬಿಟ್ಟೆಯಾ?” ಎಂದರು ಅಜ್ಜಿ.

“ಇಂಜಿನ್ನಿನ ಸೆಕೆ ಸ್ವಲ್ಪ ಈ ಕಡೆ ಎಳೀತಿದೀನಮ್ಮಾ, ಗಾಜು ಇಳಿಸಿಕೋ.”

ಜಾಗ ಸಿಕ್ಕೊಡನೆ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದರು, ಬಾನೆಟ್ ಎತ್ತಿದರು. ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಲಿಲ್ಲ. ಅದನ್ನು ಎಲ್ಲರೂ ನೆನಪಿಡಬೇಕು. 700 ಮೀಟರ್ ಎತ್ತರದಲ್ಲಿ ತೆರೆದ ನೀರು 98 ಡಿಗ್ರಿಗೂ ಸ್ವಲ್ಪ ಮೊದಲೇ ಕುದಿಯುತ್ತದೆ. ಒಳ್ಳೆಯ ಮುಚ್ಚಳದ ಒತ್ತಡದಲ್ಲಿ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು, ಆ ನೀರು ಕುದಿಯುತ್ತ ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು. ಅಜ್ಜಿಯ ಊಟ ಅಂದು ತಪ್ಪಿತು, ಆದರೆ ಇಂಜಿನ್ ಉಳಿಯಿತು. ಅಲ್ಯೂಮಿನಿಯಂ ಹೆಡ್ ಬಾಗಿದ್ದರೆ ಹಳೆಯ ಕಾರಿನ ಬೆಲೆಗೆ ಸಮನಾದ ರಿಪೇರಿ ಬರುತ್ತಿತ್ತು.

ಮರುದಿನ ಅಂಗಳದಲ್ಲಿ ನಡೆದ ತಪಾಸಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಫ್ಯಾನು ತಿರುಗದಿದ್ದರೆ ಹಲವರು ನೇರ ಹೊಸ ಮೋಟಾರನ್ನೇ ತರುತ್ತಾರೆ. ಮೊದಲು ಕೂಲೆಂಟ್ ಮಟ್ಟ ನೋಡಬೇಕು, ಇಂಜಿನ್ ಪೂರ್ತಿ ತಣಿದ ಮೇಲೆ. ನೀರು ಕಡಿಮೆಯಾಗಿ ಶಾಖದ ಸ್ವಿಚ್ಚಿಗೆ ತಾಗದಿದ್ದರೆ ಸ್ವಿಚ್ಚಿಗೆ ಬಿಸಿ ತಿಳಿಯುವುದೇ ಇಲ್ಲ. ಆಮೇಲೆ ಫ್ಯೂಸು. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಬೇಕು. ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವಯರು. ಮತ್ತೆ ಸುಟ್ಟರೆ ಬ್ಯಾಟರಿ ವಯರು ಕಳಚಿ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಬೇರಿಂಗ್ ಬಿಗಿದಿರಬಹುದು.

ಫ್ಯೂಸು ಸರಿಯಿದ್ದರೆ ಮೋಟಾರಿನ ಪ್ಲಗ್ ಕಳಚಿ, ಬ್ಯಾಟರಿಯಿಂದ ಎರಡು ವಯರು ನೇರ ಕೊಡುವುದು. ನಡುವೆ ಫ್ಯೂಸು ಇರಲಿ, ಕೈ ದೂರವಿರಲಿ. ತಿರುಗಿದರೆ ಮೋಟಾರು ಸರಿ. ತಿರುಗದೆ, ಮೆಲ್ಲಗೆ ಕೋಲಿನಿಂದ ತಟ್ಟಿದಾಗ ಹೊರಟರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಮೋಟಾರು ಸರಿಯೆಂದಾದ ಮೇಲೆ ಪ್ಲಗ್ ಹಾಕಿ, ಕೀಲಿ ತಿರುಗಿಸಿ (ಇಂಜಿನ್ ಚಾಲೂ ಮಾಡದೆ), ಶಾಖದ ಸ್ವಿಚ್ಚಿನ ಎರಡು ವಯರನ್ನು ಒಂದಕ್ಕೊಂದು ಕೂಡಿಸಬೇಕು. ಒಂದೇ ವಯರಿದ್ದರೆ ಅದನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಬೇಕು. ಫ್ಯಾನು ತಿರುಗಿದರೆ ಸ್ವಿಚ್ಚು ಹೋಗಿದೆ. ತಿರುಗದಿದ್ದರೆ ರಿಲೇ, ವಯರು, ಅರ್ಥ್ ಇವುಗಳಲ್ಲಿ ಹುಡುಕಬೇಕು. ಫ್ಯಾನನ್ನು ಇಂಜಿನ್ ಕಂಪ್ಯೂಟರ್ ನಡೆಸುವ ಮುಂದಿನ ಗಾಡಿಗಳಲ್ಲಿ ಹೀಗೆ ಕೂಡಿಸಬಾರದು, ಅದು ಎಲೆಕ್ಟ್ರಿಷಿಯನ್ನರ ಕೆಲಸ.

ಚಿಕ್ಕಪ್ಪನವರ ಕಾರಿನಲ್ಲಿ ಸಿಕ್ಕಿದ್ದು ಅರ್ಥ್ ವಯರಿನ ತುದಿ. ವಯನಾಡಿನ ಮಳೆಗಾಲ ಲೋಹವನ್ನು ಬಿಡುವುದಿಲ್ಲ. ಬೋಲ್ಟಿನ ಕೆಳಗೆ ಹಸಿರು ಕಿಲುಬು, ಸುತ್ತ ತುಕ್ಕು. ಉಜ್ಜುಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಬಳಿದರು. ಖರ್ಚು ಏನೂ ಇಲ್ಲ. ಕೊನೆಗೆ ಫ್ಯಾನು ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ಮುಂದಿನ ಜಾಲರಿಗೆ ಹಳೆಯ ಪತ್ರಿಕೆಯ ಹಾಳೆ ಹಿಡಿದರು (ಈ ಮಾಸಿಕದ್ದಲ್ಲ!). ಹಾಳೆ ಅಂಟಿಕೊಂಡಿತು. ವಯರು ಅದಲುಬದಲಾಗಿದ್ದರೆ ಗಾಳಿ ಉಲ್ಟಾ ಬೀಸಿ ಹಾಳೆ ಹಾರುತ್ತಿತ್ತು.

ಕೆಲವು ಗ್ಯಾರೇಜುಗಳಲ್ಲಿ ಇದೆಲ್ಲ ಬೇಡವೆಂದು ಫ್ಯಾನಿಗೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ಚು ಹಾಕಿಕೊಡುತ್ತಾರೆ. ಊರು ಸೇರುವವರೆಗೆ ಸರಿ. ಖಾಯಂ ಆಗಿ ನನಗೆ ಒಪ್ಪಿಗೆಯಿಲ್ಲ, ಮಾತಿನಲ್ಲಿ ಮೈಮರೆತವರು ಅದನ್ನು ಹಾಕಲು ಮರೆಯುತ್ತಾರೆ.

ಬತ್ತೇರಿಯ ಹಳೆಯ ಬಸದಿ ನೋಡಿ ಮುಂದೆ ಗುಂಡ್ಲುಪೇಟೆ, ಮೈಸೂರಿಗೆ ಹೋಗುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. 2009ರಿಂದ ಬಂಡೀಪುರ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಚುರದಲ್ಲಿ ಎರಡು ಗಂಟೆ ಕಳೆದರೆ ಅಂದಿನ ರಾತ್ರಿ ಬತ್ತೇರಿಯಲ್ಲೇ. ಆದ್ದರಿಂದ ಹೊರಡುವ ಹಿಂದಿನ ದಿನ ಅಂಗಳದಲ್ಲೇ ಇಂಜಿನ್ ಚಾಲೂ ಮಾಡಿ, ಫ್ಯಾನು ತಾನಾಗಿ ಹೊರಡುವವರೆಗೆ ಕಾಯಿರಿ. ಇಪ್ಪತ್ತು ನಿಮಿಷ ಹಿಡಿಯಬಹುದು. ಮುಳ್ಳು ಅರ್ಧ ದಾಟಿ ಏರುತ್ತಲೇ ಇದ್ದರೆ ಆರಿಸಿಬಿಡಿ. ಡಿಕ್ಕಿಯಲ್ಲಿ ಎರಡು ಫ್ಯೂಸು, ಒಂದೂವರೆ ಮೀಟರ್ ವಯರು, ಐದು ಲೀಟರ್ ನೀರು ಇರಲಿ.