ಅಜ್ಜಿಯ ಗುಂಡಿನ ಸರ

ಮೊಮ್ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ಸಂತೋಷ ಉಳಿದದ್ದು ಶುಲ್ಕದ ಪಟ್ಟಿ ನೋಡುವವರೆಗೆ ಮಾತ್ರ. ಮಧುಗಿರಿಯ ಆ ಮನೆಯಲ್ಲಿ ಎಲ್ಲರ ಕಣ್ಣೂ ಅಜ್ಜಿಯ ಕೊರಳ ಗುಂಡಿನ ಸರದ ಮೇಲೆ ಬಿತ್ತು. "ಅದು ಬೇಡ ಕಣಪ್ಪ, ಬೇರೆ ಏನಾದ್ರೂ ನೋಡು" ಎಂದು ಅಜ್ಜಿ ಎರಡು ಸಲ ಹೇಳಿದರು. ಮೂರನೆಯ ಸಲ ಮಾತಾಡದೆ ಬಿಚ್ಚಿಕೊಟ್ಟರು.

ಅಪ್ಪ, ಮಗಳು ಬಸ್ಸು ಹತ್ತಿ ಕೊರಟಗೆರೆಯ ಪರಿಚಿತ ಅಕ್ಕಸಾಲಿಗರ ಬಳಿಗೆ ಹೋದರು. ಆಚಾರ್ರು ಸರವನ್ನು ತೂಗಲೇ ಇಲ್ಲ. ಕತ್ತಿನ ಹಿಂದೆ ಬರುವ ಕೊಂಡಿಯನ್ನು ಬೆಳಕಿಗೆ ಹಿಡಿದರು. ಲೇಪ ಮೊದಲು ಸವೆಯುವುದು ಮೈಗೆ ಉಜ್ಜುವ ಕಡೆಯೇ. ಅಲ್ಲಿ ಹಿತ್ತಾಳೆ ಇಣುಕುತ್ತಿತ್ತು. ಆಮೇಲೆ ಒಂದು ಗುಂಡಿಗೆ ಅರ ಆಡಿಸಿ, ಒರೆಗಲ್ಲಿನ ಮೇಲೆ ಗೆರೆ ಎಳೆದು, ಅದರ ಮೇಲೊಂದು ತೊಟ್ಟು ಆಸಿಡ್ ಬಿಟ್ಟರು. ಚಿನ್ನವಾಗಿದ್ದರೆ ಗೆರೆ ನಿಲ್ಲಬೇಕಿತ್ತು. ಅಳಿಸಿಹೋಯಿತು.

"ಗಿಲೀಟು, ಸ್ವಾಮಿ."

ಚಿನ್ನದ ಒಡವೆಗೆ ನಮ್ಮಲ್ಲಿ ಹಾಲ್‌ಮಾರ್ಕ್ ಬಂದದ್ದು 2000ದಲ್ಲಿ. ಅದಕ್ಕೂ ಹಳೆಯ ಸರದಲ್ಲಿ ಮುದ್ರೆ ಇಲ್ಲದ ಮಾತ್ರಕ್ಕೆ ಅದು ನಕಲಿಯಲ್ಲ. ಹೊಳೆದ ಮಾತ್ರಕ್ಕೆ ಚಿನ್ನವೂ ಅಲ್ಲ.

"ಯಾರೋ ಸರ ಬದಲಾಯಿಸಿದ್ದಾರೆ" ಎಂದು ಅಪ್ಪ ಮನೆಗೆ ಬಂದು ಕೂಗಾಡಿದರು. ಅಜ್ಜಿ ಮೆಲ್ಲಗೆ ಹೇಳಿದರು: "ನಾನೇ ಕಣೋ. ನೀನು ತುಮಕೂರಿಗೆ ಕಾಲೇಜಿಗೆ ಸೇರಿದ ವರ್ಷ ಚಿನ್ನದ್ದು ಮಾರಿದೆ. ಬರಿ ಕೊರಳಲ್ಲಿ ಓಡಾಡಿದ್ರೆ ನಿಂಗೆ ಗೊತ್ತಾಗತ್ತೆ ಅಂತ ಸಿರಾದಲ್ಲಿ ಅಂಥದ್ದೇ ಒಂದು ತಗೊಂಡೆ."

ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಟ್ರಂಕಿನ ತಳದಿಂದ, ಪಾವಗಡದ ತವರಿನಿಂದ ಬಂದಿದ್ದ ರೂಪಾಯಿ ಸರ ತೆಗೆದರು. ಕಪ್ಪಗಾಗಿದ್ದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಮ್ಮಗಳು ಮಾತ್ರ ಆಚಾರ್ರ ಹಾಗೆ ಬೆಳಕಿಗೆ ಹಿಡಿದು, ಒಂದೊಂದರ ಇಸವಿ ಓದಿ ಬರೆದಿಟ್ಟಳು. 1939ರವರೆಗಿನ ರೂಪಾಯಿ 11.66 ಗ್ರಾಂ ತೂಕ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಬೆಳ್ಳಿ ಅರ್ಧಕ್ಕಿಳಿಯಿತು. 1947ರದು ಬರೀ ನಿಕಲ್. ಕೆಟ್ಟ ರೇಡಿಯೊದ ಅಯಸ್ಕಾಂತ ಹಿಡಿದಾಗ 21ರಲ್ಲಿ ಒಂದೇ ಒಂದು ಅಂಟಿಕೊಂಡಿತು; ಇಸವಿ 1947! ಉಳಿದವುಗಳಲ್ಲಿ 18 ಹಳೆಯವು, ಎರಡು 1944ರವು. ಸವೆತ ಬಿಟ್ಟರೆ ಸುಮಾರು 204 ಗ್ರಾಂ ಬೆಳ್ಳಿ. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ. ಬೆಳ್ಳಿಯ ಬೆಲೆಗೆ ಮೋಸವಿಲ್ಲ.

ಬೆಳ್ಳಿ ಮೊದಲ ಕಂತಿಗೆ ಒಂದಿಷ್ಟು ಆಸರೆಯಾಯಿತು. ಉಳಿದದ್ದಕ್ಕೆ ಬ್ಯಾಂಕಿನ ಸಾಲ. ನಿಕಲ್ ರೂಪಾಯಿ ಮೊಮ್ಮಗಳ ಪೆನ್ಸಿಲ್ ಡಬ್ಬಿ ಸೇರಿತು.

ಗಿಲೀಟು ಸರವನ್ನು ಅಪ್ಪ ಬಟ್ಟೆಯಲ್ಲಿ ಸುತ್ತಿ, ಬೀರುವಿಗೆ ಹಾಕಿ ಬೀಗ ಹಾಕಲು ಹೊರಟರು. ಅಜ್ಜಿ ಕೈ ಚಾಚಿದರು.

"ಕೊಡೋ ಇಲ್ಲಿ. ಹಾಲು ತರಕ್ಕೆ ಹೋಗ್ಬೇಕು. ಬರಿ ಕೊರಳಲ್ಲಿ ಹೋಗಕ್ಕಾಗತ್ತಾ?"