ಶನಿವಾರ ರಾತ್ರಿಯ ಎಣ್ಣೆ

ನಮ್ಮ ಕಾಲದಲ್ಲಿ ಎಣ್ಣೆ ಅಂದರೆ ತಲೆಗೆ ಹಚ್ಚುವುದು, ಒಗ್ಗರಣೆಗೆ ಹಾಕುವುದು, ದೀಪಕ್ಕೆ ಎರೆಯುವುದು. ದೀಪಾವಳಿಯ ಬೆಳಿಗ್ಗೆ ಅವ್ವ ನೆತ್ತಿಗೆ ತಟ್ಟಿ ತಟ್ಟಿ ಹಚ್ಚುತ್ತಿದ್ದಳು. ಈಗ ಕಾಲೇಜು ಹುಡುಗರ ನಡುವೆ ‘ಎಣ್ಣೆ’ ಎಂದು ನೋಡಿ, ನೆತ್ತಿ ಯಾರಿಗೂ ನೆನಪಾಗುವುದಿಲ್ಲ. ಮನೆಯೊಳಗಿನ ಮಾತು ಬಾರಿನ ಟೇಬಲ್ಲಿಗೆ ಹೋಗಿ ಕೂತುಬಿಟ್ಟಿದೆ. ಹೆಸರಿಗೆ ಸಲುಗೆ ಬಂದರೆ ವಸ್ತುವಿನ ಮೇಲಿದ್ದ ಅಂಜಿಕೆಯೂ ಸಡಿಲವಾಗುತ್ತದೆ.

ಐದು ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲೊಂದಕ್ಕೆ ನಾನು ವಾರ್ಡನ್ ಆಗಿದ್ದೆ. ಶನಿವಾರ ಬಂತೆಂದರೆ ಅಡುಗೆಯ ಅಜ್ಜ ಅಕ್ಕಿ ಕಡಿಮೆ ಅಳೆಯುತ್ತಿದ್ದ. “ಇವತ್ತ ಅರ್ಧ ಮಂದಿ ಹೊರಗ ಉಣ್ತಾರ್ರೀ” ಅನ್ನುತ್ತಿದ್ದ. ಅಂಥ ಒಂದು ರಾತ್ರಿ, ಒಂದೂವರೆ ಗಂಟೆಗೆ, ಮೆಟ್ಟಿಲ ಮೇಲೆ ಒಬ್ಬ ಹುಡುಗ ಸ್ನಾನದ ಬಕೀಟನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಸಿಂಧನೂರು ಕಡೆಯವ, ಎಂ.ಎ. ಮೊದಲ ವರ್ಷ. ಅಂಗಿಯ ಎದೆಭಾಗ ತೊಯ್ದಿತ್ತು. ಗೆಳೆಯನೊಬ್ಬ ಬೆನ್ನು ನೀವುತ್ತಿದ್ದ.

ಮರುದಿನ ಕರೆದು ಚಹಾ ಕೊಟ್ಟೆ. “ರುಚಿ ಹತ್ತೇತೇನಪಾ?” ಅಂದೆ.

“ರುಚಿ ಎಲ್ಲೀದ್ರೀ ಸರ, ಬರೇ ಕಹಿ. ಎಲ್ಲಾರೂ ಹೋಗ್ತಾರ್ರೀ. ಹೋಗಲಿಲ್ಲಂದ್ರ ರೂಮಿನ್ಯಾಗ ಒಬ್ಬಾವನ ಗ್ವಾಡಿ ನೋಡ್ಕೋಂತ ಕೂಡಬೇಕಾಗ್ತದ.”

ಬೈಯಲು ಸಿದ್ಧನಾಗಿ ಕೂತಿದ್ದವನಿಗೆ ಆಮೇಲೆ ಮಾತೇ ಹೊರಡಲಿಲ್ಲ. ಮೊದಲ ಗ್ಲಾಸನ್ನು ಹೆಚ್ಚಿನ ಹುಡುಗರು ಒಂಟಿಯಾಗುವ ಭಯಕ್ಕೆ ಎತ್ತುತ್ತಾರೆ. ಮೊದಲ ಸಲ ಊರು ಬಿಟ್ಟು ಬಂದವನಿಗೆ ಆ ಭಯ ಇನ್ನೂ ಹೆಚ್ಚು. ಹುಟ್ಟುಹಬ್ಬಕ್ಕೆ ಪಾರ್ಟಿ, ಬೈಕ್ ತಗೊಂಡರೆ ಪಾರ್ಟಿ, ಪಾಸಾದರೂ ಪಾರ್ಟಿ, ಫೇಲಾದರೂ ಪಾರ್ಟಿ. ಉಳ್ಳವನ ಮಗ ನಾಲ್ಕು ಸಲ ಕೊಡಿಸುತ್ತಾನೆ. ಐದನೆಯ ಸಲ ಇಲ್ಲದವನ ಸರದಿ. ಸ್ಕಾಲರ್‌ಶಿಪ್ ಬಂದ ವಾರವೇ ಅದರ ಒಂದು ಪಾಲು ಕ್ವಾರ್ಟರ್ ಬಾಟಲಿಗಳಾಗಿ ಕರಗಿದ್ದನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಅಪ್ಪ ಕುಡಿಯುವುದನ್ನು ನೋಡಿ ಬೆಳೆದವರಲ್ಲಿ ಎರಡು ಬಗೆಯಿದ್ದರು: ಅದೇ ದಾರಿ ಹಿಡಿದವರು, ಅದರ ವಾಸನೆಗೇ ಎದ್ದು ಹೋಗುವವರು.

ಹೆಣ್ಣುಮಕ್ಕಳ ಕಷ್ಟ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಮಂದಿ, ಹೆಂಗಸರಲ್ಲಿ ಒಬ್ಬರು ಕುಡಿಯುತ್ತಾರೆ. ಆ ಒಬ್ಬಳ ಮೇಲೆಯೇ ಊರಿನ ಕಣ್ಣೆಲ್ಲ. ಹುಡುಗ ಕುಡಿದರೆ ಹುಡುಗಾಟ, ಹುಡುಗಿ ಕುಡಿದರೆ ನಡತೆಯ ಪ್ರಶ್ನೆ. ಹಾಗಾಗಿ ಚಟಕ್ಕೆ ಸಿಕ್ಕ ಹುಡುಗಿ ಬಾಯಿಬಿಟ್ಟು ಸಹಾಯ ಕೇಳುವುದೇ ಇಲ್ಲ.

ಸಿಂಧನೂರು ಅಂದೆನಲ್ಲ, ರಾಯಚೂರು ಸೀಮೆಯ ಹೆಣ್ಣುಮಕ್ಕಳ ನೆನಪಾಯಿತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಮದ್ಯ ನಿಲ್ಲಲಿಲ್ಲ. ಅದನ್ನೂ ನಿಲ್ಲಿಸಿ ಎಂದು 2019ರ ಜನವರಿಯಲ್ಲಿ ಆ ಸೀಮೆಯವರೂ ಸೇರಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿ.ಮೀ., ನಡೆದರು. ಅಂಥ ತಾಯಂದಿರ ಮಕ್ಕಳೇ ನಮ್ಮ ಹಾಸ್ಟೆಲಿಗೆ ಬರುವುದು. ಮುಂದೆ 2023ರಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಬಂತು. ಜನ ಬೇಡವೆಂದರು, ಸರ್ಕಾರ ಕೈಬಿಟ್ಟಿತು. ಸರಿಯಾದದ್ದೇ ಆಯಿತು. ಇಪ್ಪತ್ತೈದರ ಆಸುಪಾಸಿನವರೆಗೂ ಮೆದುಳು ಬಲಿಯುತ್ತಲೇ ಇರುತ್ತದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ 2023ರಲ್ಲಿ ಹೇಳಿತು.

ಹಾಗಂತ ಬರೀ ಕಾಯಿದೆಯಿಂದ ಆಗುವ ಕೆಲಸವೂ ಇದಲ್ಲ. ಕುಡುಕ ರತ್ನನ ಬಾಯಲ್ಲಿ ಅಷ್ಟೊಂದು ಪದ ಹಾಡಿಸಿದ ಜಿ.ಪಿ. ರಾಜರತ್ನಂ ಕನ್ನಡ ಮೇಷ್ಟ್ರು, ಸ್ವತಃ ಕುಡಿದವರಲ್ಲ. ಹಾಡಿಗೆ, ನಗುವಿಗೆ, ಗೆಳೆತನಕ್ಕೆ ಬಾಟಲಿ ಬೇಕಿಲ್ಲ ಎನ್ನುವುದಕ್ಕೆ ನನಗೆ ಅದೊಂದೇ ಸಾಕ್ಷಿ ಸಾಕು. ಆ ಧೈರ್ಯದ ಮೇಲೆ ಶನಿವಾರ ರಾತ್ರಿ ಊಟದ ಕೋಣೆಯನ್ನು ಹನ್ನೊಂದರ ತನಕ ತೆರೆದಿಡಿಸಿದೆ. ಅಜ್ಜ ಗಿರ್ಮಿಟ್ಟು, ಮಿರ್ಚಿ ಮಾಡಿದ. ಎರಡು ಕೇರಂ ಬೋರ್ಡು, ಯಾರದೋ ಹಾರ್ಮೋನಿಯಂ. ಎಲ್ಲರೂ ಬರಲಿಲ್ಲ. ಸಿಂಧನೂರಿನ ಹುಡುಗ ಬಂದ. ಮೂರನೆಯ ವಾರ ತತ್ವಪದ ಹಾಡಿದ, ದನಿ ಎಷ್ಟು ಚೆಂದ! ಅಜ್ಜ ಮತ್ತೆ ಅಕ್ಕಿ ಹೆಚ್ಚು ಅಳೆಯತೊಡಗಿದ.

ಕುಡಿತ ಆಗಲೇ ಕಾಯಿಲೆಯಾಗಿದ್ದವರಿಗೆ ಮಿರ್ಚಿ, ಕೇರಂ ಸಾಲುವುದಿಲ್ಲ. ಅವರಿಗೆ ವೈದ್ಯರು ಬೇಕು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಕ್ಕಳನ್ನು ಹಾಸ್ಟೆಲಿಗೆ, ಪಿಜಿಗೆ ಕಳಿಸಿರುವ ಅಪ್ಪ ಅವ್ವಂದಿರಲ್ಲಿ ನನ್ನದೊಂದು ಕೋರಿಕೆ. ಶನಿವಾರ ಸಂಜೆ ಒಂದು ಫೋನ್ ಮಾಡಿ. ಮಾರ್ಕ್ಸು ಎಷ್ಟು ಬಂತು ಅಂತ ಅವತ್ತು ಕೇಳಬೇಡಿ. ಊಟ ಆಯಿತಾ, ಯಾರ ಜೊತೆ ಉಂಡೆ ಅಂತ ಕೇಳಿ.