ಕುರ್ಲಾದ ಗುಜರಿ ಓಣಿಯಲ್ಲಿ ಫಾರ್ಗೋ ಮೀಟರು

ಕುರ್ಲಾ ಪಶ್ಚಿಮದಿಂದ ಕಲೀನಾ ಕಡೆಗೆ ಹೋಗುವ ಸಿಎಸ್‌ಟಿ ರಸ್ತೆಗೂ ನಮ್ಮೂರ ರೈಲು ಬಂದು ನಿಲ್ಲುವ ಆ ದೊಡ್ಡ ಟರ್ಮಿನಸ್ಸಿಗೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಸಿಎಸ್‌ಟಿ ಎಂದರೆ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಟ್ರಾಂಬೆಯಿಂದ ಕುರ್ಲಾ ಮಾರ್ಗವಾಗಿ ಅಂಧೇರಿಗೆ 1928ರಲ್ಲಿ ಶುರುವಾದ ಈ ಪುಟ್ಟ ರೈಲು 1934ಕ್ಕೇ ನಿಂತುಹೋಯಿತು. ಹಳಿ ಕಿತ್ತರು, ಹೆಸರು ರಸ್ತೆಗೆ ಅಂಟಿಕೊಂಡಿತು. ಈಗ ಅಲ್ಲಿ ಸಾಲಾಗಿ ಗುಜರಿ ಮತ್ತು ಬಿಡಿಭಾಗದ ಅಂಗಡಿಗಳು. ಒಂದರ ಮೇಲೊಂದು ಪೇರಿಸಿಟ್ಟ ಕಾರಿನ ಬಾಗಿಲು, ಹಗ್ಗಕ್ಕೆ ಪೋಣಿಸಿ ನೇತುಹಾಕಿದ ಕನ್ನಡಿ, ಎಣ್ಣೆ ಹೀರಿ ಕಪ್ಪಾದ ಫುಟ್‌ಪಾತು. ನನ್ನ ಕಚೇರಿ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡದಲ್ಲಿ. ಆಟೋದಲ್ಲಿ ಅಷ್ಟೇನೂ ದೂರವಲ್ಲ. ಆದರೂ ಹತ್ತು ವರ್ಷದಲ್ಲಿ ನಾನು ಆ ಓಣಿಗಳ ಒಳಗೆ ಕಾಲಿಟ್ಟಿರಲಿಲ್ಲ. ಹೋಗುವಂತೆ ಮಾಡಿದ್ದು ನನ್ನ ಹೆಂಡತಿಯ ಸೋದರಮಾವನ ಹಳೇ ಪಿಕಪ್ಪು.

ಮಾವ ಹದಿನಾಲ್ಕನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಒಂದು ಕ್ಯಾಂಟೀನು ಸೇರಿದವರು. ಧಣಿಗಳ ಆ ಪಿಕಪ್ಪಿನಲ್ಲಿ ಅಕ್ಕಿ, ತೆಂಗಿನಕಾಯಿ ತರುವಾಗ ಹಿಂದೆ ಮೂಟೆಯ ಮೇಲೆ ಕೂತು ಬರುತ್ತಿದ್ದರಂತೆ. ಆಮೇಲೆ ಅದನ್ನೇ ಓಡಿಸಿದರು, ಧಣಿಗಳು ಕ್ಯಾಂಟೀನು ಮುಚ್ಚುವಾಗ ಅದನ್ನೇ ಕೊಂಡರು. ಐವತ್ತರ ದಶಕದ ಮೊದಲ ವರ್ಷಗಳ ಫಾರ್ಗೋ. ಊರಿನ ಹಿರಿಯರಿಗೆ ಫಾರ್ಗೋ ಎಂದರೆ ಲಾರಿ, ಬಸ್ಸು ನೆನಪಾಗುತ್ತದೆ. ನಿಜವಾಗಿ ಅದು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್ ಟ್ರಕ್ಕಿಗೇ ಇಟ್ಟ ಇನ್ನೊಂದು ಹೆಸರು. ಹದಿನೆಂಟು ವರ್ಷದಿಂದ ಭಾಂಡುಪಿನ ಒಂದು ಶೆಡ್ಡಿನಲ್ಲಿ ಅದು ತಾಡಪಾಲು ಹೊದ್ದು ನಿಂತಿತ್ತು. ಕಳೆದ ವರ್ಷ ಇಂಜಿನ್ನು ಬಿಚ್ಚಿಸಿ ಸರಿಮಾಡಿಸಿದರು. ಉಳಿದದ್ದು ಡ್ಯಾಶ್‌ಬೋರ್ಡು.

ಪುಣೆಯಲ್ಲಿರುವ ಅವರ ಮಗ ಹತ್ತು ಇಂಚಿನ ಟಚ್‌ಸ್ಕ್ರೀನು, ಡಿಜಿಟಲ್ ಮೀಟರು, ಹಿಂಬದಿಯ ಕ್ಯಾಮರಾ ಎಲ್ಲ ತರಿಸಿ ಪೆಟ್ಟಿಗೆ ಸಮೇತ ಕಳಿಸಿಬಿಟ್ಟ. ಅಪ್ಪನ ಮೇಲಿನ ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ಸ್ಕ್ರೀನು ಕೂರಬೇಕಾದರೆ ಉಕ್ಕಿನ ಡ್ಯಾಶ್‌ಬೋರ್ಡನ್ನು ಕತ್ತರಿಸಬೇಕು. ಮಾವನಿಂದ ಫೋನು ಬಂತು. "ನೀನು ಕಂಪ್ಯೂಟರಿನವ ಅಲ್ವಾ, ಒಮ್ಮೆ ಬಂದು ನೋಡಿ ಹೋಗು ಮಾರಾಯ. ಕಟ್ ಮಾಡುವುದಾದ್ರೆ ನೀನು ಹೇಳಿದ ಮೇಲೆಯೇ."

ಟಾರ್ಚು ಹಿಡಿದು ಸೀಟಿನ ಕೆಳಗೆ ಮಲಗಿ ನೋಡಿದೆ. ಐದು ಮೀಟರು: ವೇಗ, ಪೆಟ್ರೋಲು, ಆಯಿಲ್ ಒತ್ತಡ, ನೀರಿನ ಬಿಸಿ, ಆಂಪಿಯರು. ದಿನವಿಡೀ ಸರ್ವರುಗಳ ಆರೋಗ್ಯ ತೋರಿಸುವ ಪರದೆ ನೋಡುವುದೇ ನನ್ನ ಕಸುಬು. ಅಲ್ಲಿ ಒಂದು ಅಂಕಿ ಕಣ್ಣಿಗೆ ಬೀಳುವ ಮೊದಲು ಹತ್ತು ಪ್ರೋಗ್ರಾಮುಗಳ ಕೈ ದಾಟಿರುತ್ತದೆ. ಇಲ್ಲಿ ಮಧ್ಯವರ್ತಿಯೇ ಇಲ್ಲ. ಆಯಿಲ್ ಮೀಟರಿಗೆ ಇಂಜಿನ್ನಿನಿಂದ ಸಪೂರ ನಳಿಕೆಯೊಂದು ಬರುತ್ತದೆ, ಅದರೊಳಗಿನ ಒತ್ತಡವೇ ಮುಳ್ಳನ್ನು ತಳ್ಳುತ್ತದೆ. ವೇಗದ ಮೀಟರಿಗೆ ಕರೆಂಟೇ ಬೇಡ. ಗೇರುಪೆಟ್ಟಿಗೆಯಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಸೆಳೆತಕ್ಕೆ ಅಲ್ಯೂಮಿನಿಯಂ ಬಟ್ಟಲು ತಿರುಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟ ಎಲ್ಲಿ ನಿಂತಿತೋ ಅದೇ ನಮ್ಮ ವೇಗ, ಮೈಲಿಗಳಲ್ಲಿ. ಇದನ್ನು ಕತ್ತರಿಸಿ ಬಿಸಾಡಲು ನನಗೆ ಮನಸ್ಸಾಗಲಿಲ್ಲ.

ಆದರೆ ಐದರಲ್ಲಿ ಮೂರು ಸತ್ತಿದ್ದವು. ಸುಮ್ಮನೆ ನೋಡಲು ಚೆಂದ ಎಂದು ಸತ್ತ ಮೀಟರು ಇಟ್ಟುಕೊಂಡು ಗಾಡಿ ಓಡಿಸಿದರೆ ಇಂಜಿನ್ನು ಕಾದು ಹೋದೀತು. ಅದಕ್ಕೇ ಸಿಎಸ್‌ಟಿ ರಸ್ತೆಗೆ ಹೋದದ್ದು.

ಮೂರು ಶನಿವಾರ ಅಲೆದೆವು. "ಫಾರ್ಗೋ?" ಎಂದು ಕೇಳಿ ನಕ್ಕವರೇ ಹೆಚ್ಚು. ಕೊನೆಗೆ ಒಬ್ಬ ಅಂಗಡಿಯವ ಒಳ ಓಣಿಯ ಕಡೆ ಕೈ ತೋರಿಸಿದ. ಅಲ್ಲಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ, ಗಡಿಯಾರ ರಿಪೇರಿಯವರ ಹಾಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು ಮೀಟರು ಮಿಸ್ತ್ರಿ. ಮಾವನಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ವೇಗದ ಮೀಟರಿನ ಗ್ರೀಸು ಒಣಗಿ ಅಂಟಾಗಿದೆಯಷ್ಟೆ ಎಂದು ಅಲ್ಲೇ ಬಿಚ್ಚಿ ತೊಳೆದರು. ಪೆಟ್ರೋಲು ಮೀಟರಿಗೆ ಏನೂ ಆಗಿರಲಿಲ್ಲ. ಟ್ಯಾಂಕಿನೊಳಗೆ ತೇಲಬೇಕಾದ ಬೆಂಡು ಪೆಟ್ರೋಲು ಕುಡಿದು ಮುಳುಗಿತ್ತು, ಅದಕ್ಕೆ ಹಿತ್ತಾಳೆಯ ಡಬ್ಬಿ ಕೂರಿಸಿದರು.

ನೀರಿನ ಬಿಸಿಯ ಮೀಟರಿನದೇ ಕಷ್ಟ. ಅದರ ತುದಿಯ ಬುರುಡೆಯಲ್ಲಿ ಈಥರ್ ಇರುತ್ತದೆ. ಬಿಸಿಯಾದಾಗ ಅದರ ಆವಿ ನಳಿಕೆಯಲ್ಲಿ ಒತ್ತಡ ತರುತ್ತದೆ. ನಮ್ಮದರ ನಳಿಕೆ ಯಾವಾಗಲೋ ತುಂಡಾಗಿ ಈಥರ್ ಹಾರಿಹೋಗಿತ್ತು. ಮಿಸ್ತ್ರಿ ಹೊಸದೊಂದು ಅಗ್ಗದ ಮೀಟರು ತರಿಸಿ, ಅದರ ಬುರುಡೆಯನ್ನು ಐಸು ಮತ್ತು ಉಪ್ಪಿನಲ್ಲಿ ಹೂತಿಟ್ಟರು. ತಂಪಿಗೆ ಈಥರ್ ಎಲ್ಲ ಬುರುಡೆಗೇ ಇಳಿದು ಕೂತಮೇಲೆ ನಳಿಕೆ ಕತ್ತರಿಸಿ, ನಮ್ಮ ಹಳೇ ಮೀಟರಿನ ನಳಿಕೆಗೆ ಬೆಸುಗೆ ಹಾಕಿದರು. ಐಸು ಪಕ್ಕದ ಕಬ್ಬಿನ ಹಾಲಿನ ಗಾಡಿಯಿಂದ, ಉಪ್ಪು ಚಹಾದಂಗಡಿಯಿಂದ. ಆಮೇಲೆ ಬುರುಡೆಯನ್ನು ಕುದಿಯುವ ಚಹಾದ ಕೆಟಲಿಗೆ ಮುಟ್ಟಿಸಿದಾಗ ಮುಳ್ಳು ನಿಧಾನಕ್ಕೆ ಮೇಲೆದ್ದಿತು. ಈ ಕೆಲಸ ಯಾರಿಗಾದರೂ ಕಲಿಸಿದ್ದೀರಾ ಎಂದು ಕೇಳಿದೆ. ಮಗ ಮೊಬೈಲು ರಿಪೇರಿ ಮಾಡುತ್ತಾನೆ, ಅದರಲ್ಲಿ ಕಾಸು ಚೆನ್ನಾಗಿದೆ ಎಂದರು.

ಬೆಸುಗೆ ತಣಿಯುವ ಹೊತ್ತಿಗೆ ಮಾವ ನನ್ನನ್ನು ಕೊಹಿನೂರ್ ಸಿಟಿಗೆ ಕರೆದುಕೊಂಡು ಹೋದರು. ಅಪಾರ್ಟ್‌ಮೆಂಟು, ಆಸ್ಪತ್ರೆ, ಹೋಟೆಲು. ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇದ್ದದ್ದು ಈ ಜಾಗದಲ್ಲೇ. ಪದ್ಮಿನಿ ಟ್ಯಾಕ್ಸಿ ಹುಟ್ಟಿದ್ದು ಇಲ್ಲಿ, ಅದಕ್ಕೂ ಮೊದಲು ಕ್ರೈಸ್ಲರ್ ಗಾಡಿಗಳನ್ನು ಜೋಡಿಸಿದ್ದೂ ಇಲ್ಲೇ. ಇನ್ನೊಂದು ಮಾತು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಈ ಕಾರ್ಖಾನೆ ಬೆಂಗಳೂರಿಗೆ ಬರಬೇಕಿತ್ತು. 1930ರ ದಶಕದಲ್ಲಿ ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸರ್ಕಾರಕ್ಕೂ ಆಸಕ್ತಿಯಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಇಂದಿನ ಎಚ್‌ಎಎಲ್. ಮೋಟಾರು ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಮಾವನಿಗೆ ಇದನ್ನು ಹೇಳಿದರೆ, "ಬೆಂಗಳೂರಿಗೆ ಹೋಗಿದ್ರೆ ನಾನೂ ಅಲ್ಲಿಗೇ ಹೋಗ್ತಿದ್ದೆನೋ ಏನೋ" ಎಂದು ಗೇಟಿನ ಕಡೆ ನೋಡಿದರು.

ಮತ್ತೆ ಭಾಂಡುಪಿಗೆ. ಹಳೇ ವೈರುಗಳಿಗೆ ನೂಲಿನ ಹೊದಿಕೆ, ಮುಟ್ಟಿದರೆ ಪುಡಿಯಾಗುತ್ತಿತ್ತು. ಎಲ್ಲ ಕಿತ್ತು ಹೊಸದು ಎಳೆಸಿ, ಡ್ಯಾಶ್‌ಬೋರ್ಡಿನ ಹಿಂದೆ ಫ್ಯೂಸಿನ ಪೆಟ್ಟಿಗೆ ಕೂರಿಸಿದೆವು. ನನ್ನ ಪ್ರಕಾರ ಈ ಗಾಡಿಗೆ ಬೇಕಿದ್ದ ದೊಡ್ಡ ಅಪ್‌ಗ್ರೇಡು ಇದೇ. ಹೊರಗೆ ಕಾಣುವುದಿಲ್ಲ, ಆದರೆ ಬೆಂಕಿ ತಪ್ಪಿಸುತ್ತದೆ. ಆಂಪಿಯರ್ ಮೀಟರಿನ ಮೂಲಕವೇ ಗಾಡಿಯ ಹೆಚ್ಚುಕಡಿಮೆ ಎಲ್ಲ ಕರೆಂಟೂ ಹಾದು ಹೋಗುವುದರಿಂದ ಅದರ ನಟ್ಟು ಸಡಿಲವಿದ್ದರೂ ಅಪಾಯ.

ಚಾರ್ಜರಿನದು ಬೇರೆಯೇ ತಕರಾರು. ಗಾಡಿಯದು 6 ವೋಲ್ಟು, ಅದರಲ್ಲೂ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ. ಇಂದಿನ ಗಾಡಿಗಳಿಗೆ ಪೂರ್ತಿ ಉಲ್ಟಾ. ಈಗಿನ ಮೊಬೈಲು ಚಾರ್ಜರನ್ನು ನೇರ ಇದಕ್ಕೆ ಜೋಡಿಸಿ ಅದರ ಲೋಹದ ಮೈ ಬಾಡಿಗೆ ತಗುಲಿದರೆ ಶಾರ್ಟ್. ಎಲ್ಲವನ್ನೂ 12 ವೋಲ್ಟಿಗೆ ಬದಲಿಸುವವರಿದ್ದಾರೆ. ಆಗ ಬಲ್ಬು, ಕಾಯಿಲ್, ಡೈನಮೋ ಎಲ್ಲ ಬದಲಾಗಬೇಕು, ಪೆಟ್ರೋಲು ಮೀಟರಿಗೆ ವೋಲ್ಟೇಜು ಇಳಿಸುವ ಸಾಧನ ಬೇಕು. ನಾವು ಸೀಟಿನ ಕೆಳಗೆ ಬೇರೆಯೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇಟ್ಟು, ಅದರ ಯಾವ ವೈರೂ ಬಾಡಿಗೆ ತಾಗದಂತೆ ಚಾರ್ಜರು ಮತ್ತು ಕ್ಯಾಮರಾಕ್ಕೆ ಎಳೆದೆವು. ಕ್ಯಾಮರಾದ ಚಿತ್ರ ಫೋನಿನಲ್ಲೇ ಬರುತ್ತದೆ. ಫೋನು ಹಿಡಿಯುವ ಕ್ಲಿಪ್ಪು ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಕಚ್ಚಿಕೊಳ್ಳುತ್ತದೆ. ಒಂದೂ ತೂತು ಕೊರೆದಿಲ್ಲ.

ಮಗನಿಗೆ ಮೊದಲು ಸ್ವಲ್ಪ ಬೇಸರವಾಯಿತು. ಟಚ್‌ಸ್ಕ್ರೀನನ್ನು ಈಗ ತನ್ನ ಕಾರಿಗೆ ಹಾಕಿಸಿಕೊಂಡಿದ್ದಾನೆ. ವಿಂಟೇಜ್ ನೋಂದಣಿಯ ಮಾತು ಇನ್ನೂ ಮುಗಿದಿಲ್ಲ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನು ಮೂಲದಂತೆಯೇ ಇರುವ ಸ್ವಂತ ಬಳಕೆಯ ಗಾಡಿಗೆ 'ವಿಎ' ಅಕ್ಷರದ ನಂಬರು ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಷ್ಟಕ್ಕೇ. ತಿಂಗಳಿಗೊಮ್ಮೆಯಾದರೂ ಮಾರ್ಕೆಟ್ಟಿಗೆ ಹೋಗದ ಪಿಕಪ್ಪು ಎಂಥ ಪಿಕಪ್ಪು ಎನ್ನುವುದು ಮಾವನ ವಾದ. ಅರ್ಜಿ ತುಂಬಿದೆ, ಸಹಿ ಬಿದ್ದಿಲ್ಲ.

ಸದ್ಯ ಶೆಡ್ಡಿನ ಅಂಗಳದಲ್ಲೇ ಓಡಾಟ. ಮೊನ್ನೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಡ್‌ಲೈಟು ಹಾಕಿದರು. ಆಂಪಿಯರ್ ಮುಳ್ಳು ಎಡಕ್ಕೆ ವಾಲಿತು. "ಈಗ ಬ್ಯಾಟರಿಯಿಂದ ಖರ್ಚು, ನೋಡು" ಎಂದು ನಿಧಾನಕ್ಕೆ ಆಕ್ಸಿಲರೇಟರು ಒತ್ತಿದರು. ಮುಳ್ಳು ನಡು ದಾಟಿ ಬಲಕ್ಕೆ ಬಂತು. "ಈಗ ಜಮಾ." ಅವಳು ಲೈಟು ಆರಿಸಿ ಮತ್ತೆ ಹಾಕಿದಳು.